ಹಳೆಯ ಟ್ರ್ಯಾಕ್ಟರಿಗೆ ಇಂಜಿನ್ ಆಯಿಲ್ ಆಯ್ಕೆ

ಮೃಗಶಿರ ಮಳೆ ಬಿದ್ದು ಭೂಮಿ ಹದಕ್ಕೆ ಬಂದ ಮೇಲೆ ಉಳುಮೆಗೆ ಸಿಗುವುದು ಕೆಲವೇ ದಿನಗಳು. ಆ ದಿನಗಳಲ್ಲಿ ಇಂಜಿನ್ ಹಿಡಿದುಕೊಂಡು ಟ್ರ್ಯಾಕ್ಟರು ಹೊಲದಲ್ಲೇ ನಿಂತರೆ ರೈತನಿಗಾಗುವ ನಷ್ಟ ದುರಸ್ತಿಯ ಖರ್ಚಿಗೆ ಮುಗಿಯುವುದಿಲ್ಲ. ಬಿತ್ತನೆಯ ಹದ ತಪ್ಪುತ್ತದೆ, ಬಾಡಿಗೆ ಟ್ರ್ಯಾಕ್ಟರಿಗೆ ಕಾಯಬೇಕಾಗುತ್ತದೆ. ಹೀಗೆ ಇಂಜಿನ್ ಹಿಡಿಯುವುದಕ್ಕೆ ಅನೇಕ ಸಲ ಕಾರಣವಾಗುವುದು ಏಳೆಂಟು ಲೀಟರ್ ಆಯಿಲ್ ವಿಷಯದಲ್ಲಿ ತೋರಿದ ಅಲಕ್ಷ್ಯ.

ನಮ್ಮ ರಾಜ್ಯದ ಹಳ್ಳಿಗಳಲ್ಲಿ ಇಪ್ಪತ್ತು, ಮೂವತ್ತು ವರ್ಷ ದುಡಿದ ಟ್ರ್ಯಾಕ್ಟರುಗಳು ಇಂದಿಗೂ ಉಳುಮೆ ಮಾಡುತ್ತಿವೆ, ಟ್ರೇಲರ್ ಎಳೆಯುತ್ತಿವೆ. ಎಚ್.ಎಂ.ಟಿ., ಮಹೀಂದ್ರ ಬಿ-275, ಮೆಸ್ಸಿ ಫರ್ಗುಸನ್ 1035, ಫೋರ್ಡ್ 3600 ಮುಂತಾದ ಮಾದರಿಗಳು ಕೈಯಿಂದ ಕೈಗೆ ಬಂದು ಸಣ್ಣ ರೈತರ ಮನೆ ಸೇರಿವೆ. ಎಚ್.ಎಂ.ಟಿ.ಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತಾದರೂ ಅದರ ಟ್ರ್ಯಾಕ್ಟರುಗಳು ಹೊಲದಿಂದ ಮರೆಯಾಗಿಲ್ಲ. ಇಂತಹ ಟ್ರ್ಯಾಕ್ಟರ್ ಕೊಂಡ ರೈತನಿಗೆ ಮೂಲ ಕೈಪಿಡಿ ಸಿಗುವುದು ಅಪರೂಪ. ಸಿಕ್ಕರೂ ಅದರಲ್ಲಿ ಬರೆದಿರುವ ಆಯಿಲ್ ಹೆಸರುಗಳು ಇಂದಿನ ಅಂಗಡಿಯಲ್ಲಿ ಕಾಣುವುದಿಲ್ಲ. ಆಗ ಅಂಗಡಿಯವರೋ ಮೆಕ್ಯಾನಿಕರೋ ಹೇಳಿದ್ದನ್ನು ಹಾಕಿಸುವುದು ರೂಢಿ. "ಹಳೆಯ ಇಂಜಿನ್ನಿಗೆ ಗಟ್ಟಿ ಆಯಿಲ್ ಹಾಕಿ" ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಲಹೆ. ಇದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಮತ್ತು ಸರಿಯಾದ ಆಯಿಲನ್ನು ಆರಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಆಯಿಲ್ ಮಾಡುವ ಕೆಲಸ

ಇಂಜಿನ್ ಆಯಿಲಿನ ಕೆಲಸ ಬರೀ ಜಾರಿಕೆ ಒದಗಿಸುವುದಲ್ಲ. ಅದು ಮುಖ್ಯವಾಗಿ ಐದು ಕೆಲಸಗಳನ್ನು ಮಾಡುತ್ತದೆ.

1. ಕ್ರ್ಯಾಂಕ್ ಮತ್ತು ಬೇರಿಂಗ್ ನಡುವೆ ತೆಳುವಾದ ಪದರವಾಗಿ ನಿಂತು ಲೋಹಕ್ಕೆ ಲೋಹ ತಾಗದಂತೆ ತಡೆಯುತ್ತದೆ.
2. ಪಿಸ್ಟನ್, ಬೇರಿಂಗುಗಳ ಶಾಖವನ್ನು ಹೊತ್ತು ತಂದು ಕೆಳಗಿನ ಆಯಿಲ್ ಚೇಂಬರಿಗೆ ಇಳಿಸುತ್ತದೆ.
3. ಪಿಸ್ಟನ್ ರಿಂಗ್ ಮತ್ತು ಲೈನರ್ ನಡುವಿನ ಸಂದನ್ನು ಮುಚ್ಚಿ ಒತ್ತಡ ಸೋರದಂತೆ ನೋಡಿಕೊಳ್ಳುತ್ತದೆ.
4. ಡೀಸೆಲ್ ಉರಿದಾಗ ಉಂಟಾಗುವ ಮಸಿಯನ್ನು ಅಂಟಗೊಡದೆ ತನ್ನಲ್ಲಿ ತೇಲಿಸಿಕೊಳ್ಳುತ್ತದೆ.
5. ಉರಿಯುವಿಕೆಯಿಂದ ಹುಟ್ಟುವ ಆಮ್ಲವನ್ನು ತನ್ನಲ್ಲಿರುವ ಕ್ಷಾರಾಂಶದಿಂದ ನಿಷ್ಕ್ರಿಯಗೊಳಿಸಿ ಲೋಹ ಕೊರೆಯದಂತೆ ಕಾಪಾಡುತ್ತದೆ.

ಮೊದಲ ಮೂರು ಕೆಲಸಗಳು ಬಹುಮಟ್ಟಿಗೆ ಆಯಿಲಿನ ಸ್ನಿಗ್ಧತೆಯನ್ನು, ಅಂದರೆ ಅದು ಎಷ್ಟು ಗಟ್ಟಿ ಅಥವಾ ತೆಳು ಎಂಬುದನ್ನು ಅವಲಂಬಿಸಿವೆ. ಕೊನೆಯ ಎರಡು ಕೆಲಸಗಳು ಅದರಲ್ಲಿ ಬೆರೆಸಿದ ರಾಸಾಯನಿಕಗಳನ್ನು ಅವಲಂಬಿಸಿವೆ. ಆದ್ದರಿಂದ ಸ್ನಿಗ್ಧತೆ ಬೇರೆ, ಗುಣಮಟ್ಟ ಬೇರೆ. ಗಟ್ಟಿಯಾಗಿದ್ದ ಮಾತ್ರಕ್ಕೆ ಆಯಿಲ್ ಒಳ್ಳೆಯದಾಗುವುದಿಲ್ಲ.

ಡಬ್ಬಿಯ ಮೇಲಿನ ಎರಡು ಗುರುತುಗಳು

ಯಾವುದೇ ಕಂಪನಿಯ ಡಬ್ಬಿಯಾದರೂ ಅದರ ಮೇಲೆ ಎರಡು ಗುರುತುಗಳನ್ನು ಹುಡುಕಬೇಕು.

ಮೊದಲನೆಯದು ಎಸ್.ಎ.ಇ. ಸಂಖ್ಯೆ. ಇದು ಸ್ನಿಗ್ಧತೆಯನ್ನು ತಿಳಿಸುತ್ತದೆ. ಎಸ್.ಎ.ಇ. 30, ಎಸ್.ಎ.ಇ. 40 ಎಂದು ಒಂದೇ ಸಂಖ್ಯೆ ಇದ್ದರೆ ಅದು ಒಂದೇ ದರ್ಜೆಯ ಆಯಿಲ್. ಸಂಖ್ಯೆ ಹೆಚ್ಚಿದಂತೆ ಬಿಸಿ ಇಂಜಿನ್ನಿನಲ್ಲಿ ಆಯಿಲ್ ಹೆಚ್ಚು ಗಟ್ಟಿಯಾಗಿರುತ್ತದೆ. 15ಡಬ್ಲ್ಯು-40, 20ಡಬ್ಲ್ಯು-40 ಎಂದು ಎರಡು ಸಂಖ್ಯೆಗಳಿದ್ದರೆ ಅದು ಬಹುದರ್ಜೆ ಅಥವಾ ಮಲ್ಟಿಗ್ರೇಡ್ ಆಯಿಲ್. ಡಬ್ಲ್ಯು ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆ. ಮೊದಲ ಸಂಖ್ಯೆ ತಣ್ಣಗಿರುವಾಗಿನ ಹರಿವನ್ನು, ಎರಡನೆಯ ಸಂಖ್ಯೆ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿನ ಸ್ನಿಗ್ಧತೆಯನ್ನು ತಿಳಿಸುತ್ತದೆ. ಹಳೆಯ ಕೈಪಿಡಿಗಳಲ್ಲಿ ಚಳಿಗಾಲಕ್ಕೆ ಎಸ್.ಎ.ಇ. 30, ಬೇಸಿಗೆಗೆ ಎಸ್.ಎ.ಇ. 40 ಎಂದು ಬೇರೆ ಬೇರೆ ಹೇಳಿರುವುದುಂಟು. ಬಹುದರ್ಜೆಯ ಆಯಿಲ್ ಬಳಸಿದರೆ ಈ ಬದಲಾವಣೆಯ ತೊಂದರೆ ಇರುವುದಿಲ್ಲ. ಬೀದರಿನ ಚಳಿಗೂ ರಾಯಚೂರು, ಕಲಬುರಗಿಯ 40 ಡಿಗ್ರಿ ಮೀರುವ ಬಿಸಿಲಿಗೂ 15ಡಬ್ಲ್ಯು-40 ಅಥವಾ 20ಡಬ್ಲ್ಯು-40 ಹೊಂದುತ್ತದೆ. ಬಿಸಿಯಾದ ಮೇಲೆ ಇವೆರಡೂ ಎಸ್.ಎ.ಇ. 40ರಷ್ಟೇ ಗಟ್ಟಿ.

ಎರಡನೆಯದು ಎ.ಪಿ.ಐ. ದರ್ಜೆ. ಇದು ಗುಣಮಟ್ಟವನ್ನು ತಿಳಿಸುತ್ತದೆ. 'ಸಿ' ಅಕ್ಷರದಿಂದ ಆರಂಭವಾಗುವ ದರ್ಜೆಗಳು ಡೀಸೆಲ್ ಇಂಜಿನ್ನಿಗೆ, 'ಎಸ್' ಅಕ್ಷರದಿಂದ ಆರಂಭವಾಗುವವು ಪೆಟ್ರೋಲ್ ಇಂಜಿನ್ನಿಗೆ ಸಂಬಂಧಿಸಿದವು. ಸಿ.ಸಿ., ಸಿ.ಡಿ., ಸಿ.ಎಫ್.-4, ಸಿ.ಎಚ್.-4, ಸಿ.ಐ.-4 ಹೀಗೆ ಅಕ್ಷರಮಾಲೆಯಲ್ಲಿ ಮುಂದೆ ಹೋದಂತೆ ದರ್ಜೆ ಹೊಸದು, ಪರೀಕ್ಷೆ ಕಠಿಣ. ಸಿ.ಎಚ್.-4 ದರ್ಜೆ 1998ರಲ್ಲಿ, ಸಿ.ಐ.-4 ದರ್ಜೆ 2002ರಲ್ಲಿ ಬಂದವು. ಕಾರು, ಮೋಟರ್ ಸೈಕಲ್ಲಿನ ಆಯಿಲ್ ಮನೆಯಲ್ಲಿ ಉಳಿದಿದೆ ಎಂದು ಟ್ರ್ಯಾಕ್ಟರಿಗೆ ಸುರಿಯಬಾರದು. 'ಎಸ್' ಗುರುತು ಮಾತ್ರ ಇರುವ ಆಯಿಲ್ ಡೀಸೆಲ್ ಮಸಿಯನ್ನು ತಾಳಿಕೊಳ್ಳಲು ತಯಾರಾದುದಲ್ಲ.

ಹಳೆಯ ಕೈಪಿಡಿ, ಇಂದಿನ ಡಬ್ಬಿ

ಹಳೆಯ ಕೈಪಿಡಿಯಲ್ಲಿ ಸಿ.ಸಿ. ಅಥವಾ ಸಿ.ಡಿ. ದರ್ಜೆಯ ಆಯಿಲ್ ಎಂದು ಬರೆದಿದ್ದರೆ ಅದೇ ದರ್ಜೆಗಾಗಿ ಊರೂರು ಅಲೆಯಬೇಕಾಗಿಲ್ಲ. ಈ ದರ್ಜೆಗಳಿಗೆ ಎ.ಪಿ.ಐ. ಸಂಸ್ಥೆ ಈಗ ಮಾನ್ಯತೆ ನೀಡುತ್ತಿಲ್ಲ. ಅದೇ ಸ್ನಿಗ್ಧತೆಯ ಸಿ.ಎಚ್.-4 ಅಥವಾ ಸಿ.ಐ.-4 ದರ್ಜೆಯ ಆಯಿಲನ್ನು ಅವುಗಳ ಬದಲಿಗೆ ಧಾರಾಳವಾಗಿ ಬಳಸಬಹುದು. ಹೊಸ ಆಯಿಲ್ ಹಳೆಯ ಇಂಜಿನ್ನಿಗೆ ಒಗ್ಗುವುದಿಲ್ಲ ಎಂಬ ಭಯಕ್ಕೆ ಆಧಾರವಿಲ್ಲ.

ಇನ್ನೂ ಹೊಸದಾದ ಸಿ.ಜೆ.-4, ಸಿ.ಕೆ.-4 ದರ್ಜೆಗಳು ಹೊಗೆ ಕೊಳವೆಯಲ್ಲಿ ಮಸಿ ಸೋಸುವ ಸಾಧನವಿರುವ ವಾಹನಗಳಿಗಾಗಿ ಬೂದಿ ಕಡಿಮೆಯಾಗುವಂತೆ ತಯಾರಾದವು. ಹಳೆಯ ಟ್ರ್ಯಾಕ್ಟರಿಗೆ ಅಂತಹ ಸಾಧನವಿಲ್ಲ. ಸ್ನಿಗ್ಧತೆ ಸರಿಯಿದ್ದರೆ ಇವುಗಳಿಂದ ಹಾನಿ ಇಲ್ಲ; ಆದರೆ ಹೆಚ್ಚಿನ ಬೆಲೆ ತೆರುವ ಅಗತ್ಯವೂ ಇಲ್ಲ. ಎಫ್.ಎ.-4 ಎಂಬ ಗುರುತಿದ್ದರೆ ಮಾತ್ರ ಕೊಳ್ಳಕೂಡದು. ಅದು ಹೊಸ ವಿನ್ಯಾಸದ ಇಂಜಿನ್ನಿಗಾಗಿ ಮಾಡಿದ ತೆಳುವಾದ ಆಯಿಲ್.

ಕೈಪಿಡಿಯೇ ಇಲ್ಲದವರು ಅದೇ ಮಾದರಿಯ ಟ್ರ್ಯಾಕ್ಟರ್ ಇರುವ ನೆರೆಯವರಲ್ಲಿ ಅಥವಾ ಕಂಪನಿಯ ಅಧಿಕೃತ ಮಾರಾಟಗಾರರಲ್ಲಿ ವಿಚಾರಿಸಬೇಕು. ಯಾವ ಮಾಹಿತಿಯೂ ಸಿಗದಿದ್ದಲ್ಲಿ, ನೀರಿನಿಂದ ತಣಿಯುವ ಸಾಮಾನ್ಯ ಟ್ರ್ಯಾಕ್ಟರ್ ಇಂಜಿನ್ನಿಗೆ 15ಡಬ್ಲ್ಯು-40, ಸಿ.ಎಚ್.-4 ಅಥವಾ ಸಿ.ಐ.-4 ದರ್ಜೆಯ ಆಯಿಲ್ ಸುರಕ್ಷಿತ ಆಯ್ಕೆ.

ಇಂಜಿನ್ ಆಯಿಲ್ ಬೇರೆ, ಗೇರ್ ಪೆಟ್ಟಿಗೆ ಮತ್ತು ಹೈಡ್ರಾಲಿಕ್ ಆಯಿಲ್ ಬೇರೆ ಎಂಬುದನ್ನೂ ಮರೆಯಬಾರದು. ಒಂದರ ಜಾಗಕ್ಕೆ ಇನ್ನೊಂದನ್ನು ಸುರಿದರೆ ಎರಡೂ ಕಡೆ ಹಾನಿ. ಬ್ರೇಕ್ ಆಯಿಲಿನಲ್ಲಿ ಮುಳುಗಿರುವ ಮಾದರಿಗಳಲ್ಲಂತೂ ತಪ್ಪು ಆಯಿಲಿನಿಂದ ಬ್ರೇಕ್ ಹಿಡಿತವೇ ಕೆಡಬಹುದು.

ಗಟ್ಟಿ ಆಯಿಲ್ ಮದ್ದಲ್ಲ

ಇಂಜಿನ್ ಸವೆದು ನೀಲಿ ಹೊಗೆ ಬರತೊಡಗಿದಾಗ 20ಡಬ್ಲ್ಯು-50 ಅಥವಾ ಎಸ್.ಎ.ಇ. 50 ಹಾಕಿದರೆ ಹೊಗೆ ಸ್ವಲ್ಪ ತಗ್ಗುತ್ತದೆ. ಆಯಿಲ್ ಒತ್ತಡ ತೋರಿಸುವ ಗೇಜಿನ ಮುಳ್ಳೂ ಮೇಲೇರುತ್ತದೆ. ಇದನ್ನು ಕಂಡ ರೈತ ಇಂಜಿನ್ ಸುಧಾರಿಸಿತೆಂದು ಭಾವಿಸುತ್ತಾನೆ. ಇಲ್ಲಿಯೇ ಮೋಸ ಹೋಗುವುದು.

ಹನಿ ನೀರಾವರಿ ಇರುವ ರೈತರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಫಿಲ್ಟರಿನಲ್ಲಿ ಕಸ ಕಟ್ಟಿಕೊಂಡಾಗ ಅದರ ಹಿಂದಿನ ಮಾಪಕದಲ್ಲಿ ಒತ್ತಡ ಏರುತ್ತದೆ. ಗಿಡದ ಬುಡಕ್ಕೆ ಬೀಳುವ ನೀರು ಮಾತ್ರ ಕಡಿಮೆಯಾಗುತ್ತದೆ. ಇಂಜಿನ್ನಿನಲ್ಲಿಯೂ ಹಾಗೆಯೇ. ಹರಿವಿಗೆ ಅಡ್ಡಿ ಹೆಚ್ಚಿದರೂ ಒತ್ತಡ ಏರುತ್ತದೆ. ಬೆಳಗಿನ ತಂಪಿನಲ್ಲಿ ಚಾಲೂ ಮಾಡಿದಾಗ ತೀರ ಗಟ್ಟಿಯಾದ ಆಯಿಲ್ ಬೇರಿಂಗ್, ಕವಾಟಗಳ ಭಾಗ ತಲುಪಲು ತಡವಾಗುತ್ತದೆ. ಒತ್ತಡ ಮಿತಿ ಮೀರಿದರೆ ಒತ್ತಡ ನಿಯಂತ್ರಿಸುವ ಕವಾಟ ತೆರೆದು ಆಯಿಲಿನ ಒಂದು ಪಾಲು ಬೇರಿಂಗಿಗೆ ಹೋಗದೆ ಚೇಂಬರಿಗೇ ಮರಳುತ್ತದೆ. ಇಂಜಿನ್ ಹೆಚ್ಚಾಗಿ ಸವೆಯುವುದು ಹೀಗೆ ಆಯಿಲ್ ಇನ್ನೂ ತಲುಪದಿರುವ ಮೊದಲ ಗಳಿಗೆಗಳಲ್ಲಿ. ಜೊತೆಗೆ ಗಟ್ಟಿ ಆಯಿಲನ್ನು ಕಡೆಯುವುದಕ್ಕೇ ಇಂಜಿನ್ನಿನ ಒಂದಿಷ್ಟು ಶಕ್ತಿ, ಅಂದರೆ ಡೀಸೆಲ್, ವ್ಯಯವಾಗುತ್ತದೆ.

ಸವೆದ ರಿಂಗು, ಲೈನರುಗಳಿಗೆ ಮದ್ದು ಹೊಸ ರಿಂಗು, ಲೈನರುಗಳೇ. ಕೈಪಿಡಿಯಲ್ಲಿ ಬೇಸಿಗೆಗೆ ಎಸ್.ಎ.ಇ. 50 ಎಂದು ಸ್ಪಷ್ಟವಾಗಿ ಹೇಳಿದ್ದರೆ ಮಾತ್ರ ಅದನ್ನು ಬಳಸಬಹುದು. ಸುಗ್ಗಿಯ ನಡುವೆ ಇಂಜಿನ್ ಬಿಚ್ಚಲಾಗದ ಸಂದರ್ಭದಲ್ಲಿ ಕೆಲವು ವಾರ ಗಟ್ಟಿ ಆಯಿಲಿನಿಂದ ದೂಡಿದರೂ ಅದು ರಿಪೇರಿಯನ್ನು ಮುಂದಕ್ಕೆ ಹಾಕಿದಂತೆಯೇ ಹೊರತು ತಪ್ಪಿಸಿದಂತಲ್ಲ. ರಿಂಗು ಬದಲಿಸಿ ಮುಗಿಯುತ್ತಿದ್ದ ಕೆಲಸ ಕ್ರ್ಯಾಂಕ್ ಕಡೆಯಿಸುವವರೆಗೆ ಹೋಗದಂತೆ ನೋಡಿಕೊಳ್ಳಬೇಕು.

ಡೀಸೆಲ್ ಮತ್ತು ಆಯಿಲ್ ಎರಡರ ಲೆಕ್ಕ ಇಟ್ಟರೆ ರಿಪೇರಿಯ ಕಾಲ ತಾನಾಗಿ ತಿಳಿಯುತ್ತದೆ. 100 ಲೀಟರ್ ಡೀಸೆಲ್ ಉರಿಯುವಷ್ಟರಲ್ಲಿ 1 ಲೀಟರಿಗಿಂತ ಹೆಚ್ಚು ಆಯಿಲ್ ಸೇರಿಸಬೇಕಾಗಿ ಬಂದರೆ, ಹೊರಗೆ ಎಲ್ಲಿಯೂ ಸೋರಿಕೆ ಇಲ್ಲದಿದ್ದರೆ, ಇಂಜಿನ್ ತೋರಿಸುವ ಕಾಲ ಬಂದಿದೆ ಎಂದು ತಿಳಿಯಬೇಕು.

ಕಪ್ಪಾದ ಆಯಿಲ್ ಕೆಟ್ಟದ್ದೇ?

ಹೊಸ ಆಯಿಲ್ ಹಾಕಿ ಒಂದೆರಡು ದಿನದಲ್ಲೇ ಕಪ್ಪಾಯಿತೆಂದು ಅಂಗಡಿಯವನೊಡನೆ ಜಗಳಕ್ಕೆ ಹೋಗುವವರಿದ್ದಾರೆ. ಡೀಸೆಲ್ ಇಂಜಿನ್ನಿನಲ್ಲಿ ಆಯಿಲ್ ಬೇಗ ಕಪ್ಪಾಗುವುದು ಸಹಜ. ಅದು ಮಸಿಯನ್ನು ತೊಳೆದು ತನ್ನಲ್ಲಿ ಇಟ್ಟುಕೊಂಡಿದೆ ಎಂಬುದಕ್ಕೆ ಅದೇ ಗುರುತು. ಬಹುಕಾಲ ಕಪ್ಪಾಗದ ಆಯಿಲ್ ಮಸಿಯನ್ನು ಇಂಜಿನ್ನಿನೊಳಗೇ ಬಿಟ್ಟಿರಬಹುದು.

ಆಯಿಲಿಗೆ ಇನ್ನೂ ಕಸುವಿದೆಯೇ ಎಂದು ನೋಡಲು ಒಂದು ಸರಳ ವಿಧಾನವಿದೆ. ಬಿಸಿ ಇಂಜಿನ್ ನಿಲ್ಲಿಸಿ, ಗೇಜ್ ಕಡ್ಡಿಯಿಂದ ಒಂದು ಹನಿ ಆಯಿಲನ್ನು ಮಸಿ ಹೀರುವ ಕಾಗದದ ಮೇಲೆ ಬೀಳಿಸಿ ಕೆಲವು ಗಂಟೆ ಬಿಡಬೇಕು. ಕಲೆ ನಡುವಿನಿಂದ ಅಂಚಿನವರೆಗೆ ನಿಧಾನವಾಗಿ ತಿಳಿಯಾಗುತ್ತ ಹರಡಿದ್ದರೆ ಮಸಿ ಇನ್ನೂ ಆಯಿಲಿನಲ್ಲಿ ತೇಲುತ್ತಿದೆ ಎಂದರ್ಥ. ನಡುವೆ ದಟ್ಟ ಕಪ್ಪು ಬೊಟ್ಟು ಉಳಿದು ಸುತ್ತಲೂ ಬರೀ ಎಣ್ಣೆಯ ಉಂಗುರ ಹರಡಿದ್ದರೆ ಆಯಿಲಿಗೆ ಮಸಿ ಹೊರುವ ಶಕ್ತಿ ಮುಗಿದಿದೆ, ಕೂಡಲೆ ಬದಲಾಯಿಸಬೇಕು. ಈ ಪರೀಕ್ಷೆ ಅವಧಿ ಮೀರಿ ಓಡಿಸುವುದಕ್ಕೆ ಪರವಾನಗಿಯಲ್ಲ. ಅವಧಿಗೆ ಮುಂಚೆಯೇ ಕೆಟ್ಟಿದ್ದರೆ ತಿಳಿಯುವುದಕ್ಕೆ ಮಾತ್ರ.

ಹೊಸದಾಗಿ ಕೊಂಡ ಹಳೆಯ ಟ್ರ್ಯಾಕ್ಟರ್

ಹಿಂದಿನ ಮಾಲೀಕರು ಯಾವ ಆಯಿಲ್ ಹಾಕಿದ್ದರು, ಯಾವಾಗ ಬದಲಾಯಿಸಿದ್ದರು ಎಂಬುದು ಖಚಿತವಾಗಿ ತಿಳಿಯದಿದ್ದರೆ ಟ್ರ್ಯಾಕ್ಟರ್ ಮನೆಗೆ ಬಂದ ಕೂಡಲೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಾಯಿಸಬೇಕು. ಕೀಳು ದರ್ಜೆಯ ಆಯಿಲಿನಲ್ಲಿ ವರ್ಷಗಟ್ಟಲೆ ಓಡಿದ ಇಂಜಿನ್ನಿನೊಳಗೆ ಕೆಸರಿನಂತಹ ಗಸಿ ಕಟ್ಟಿರುತ್ತದೆ. ಒಳ್ಳೆಯ ಆಯಿಲ್ ಹಾಕಿದಾಗ ಈ ಗಸಿ ಕಳಚಿ ಬಂದು ಫಿಲ್ಟರನ್ನು ತುಂಬುತ್ತದೆ. ಫಿಲ್ಟರ್ ಪೂರ್ತಿ ಕಟ್ಟಿಕೊಂಡರೆ ಅದರ ಪಕ್ಕದ ದಾರಿಯ ಕವಾಟ ತೆರೆದು, ಸೋಸದ ಆಯಿಲೇ ಬೇರಿಂಗಿಗೆ ಹೋಗುತ್ತದೆ.

ಇದಕ್ಕೆ ಪರಿಹಾರ ಸುಲಭ. ಮೊದಲ ಸಲ ಹಾಕಿದ ಆಯಿಲನ್ನು ಸುಮಾರು 50 ಗಂಟೆ ದುಡಿಮೆಯಾದ ಮೇಲೆ ಫಿಲ್ಟರ್ ಸಮೇತ ಬದಲಾಯಿಸುವುದು. ಆ ಬಳಿಕ ಕ್ರಮದ ಅವಧಿಯನ್ನು ಅನುಸರಿಸಬಹುದು. ಒಳಗಿನ ಗಸಿ ತೊಳೆಯಲು ಸೀಮೆಎಣ್ಣೆ ಅಥವಾ ಡೀಸೆಲ್ ತುಂಬಿ ಇಂಜಿನ್ ಓಡಿಸುವುದು ಅಪಾಯಕರ. ಆ ಹೊತ್ತಿನಲ್ಲಿ ಬೇರಿಂಗಿಗೆ ರಕ್ಷಣೆಯೇ ಇರುವುದಿಲ್ಲ.

ಬದಲಾಯಿಸುವ ಅವಧಿ

ಅವಧಿಯನ್ನು ದುಡಿದ ಗಂಟೆಗಳಲ್ಲಿ ಲೆಕ್ಕ ಹಾಕಬೇಕು. ಹಳೆಯ ಮಾದರಿಗಳಲ್ಲಿ ಇದು 100ರಿಂದ 250 ಗಂಟೆಗಳವರೆಗೆ ಇರುತ್ತದೆ. ಕೈಪಿಡಿ ಹೇಳಿದ್ದೇ ಮಿತಿ. ಕೈಪಿಡಿ ಇಲ್ಲದವರು 200 ಗಂಟೆ ಮೀರದಿರುವುದು ಒಳ್ಳೆಯದು. ಕಡಿಮೆ ಓಡುವ ಟ್ರ್ಯಾಕ್ಟರಿಗೂ ವರ್ಷಕ್ಕೊಮ್ಮೆ ಬದಲಾವಣೆ ಆಗಲೇಬೇಕು. ಗಂಟೆ ಮಾಪಕ ಕೆಟ್ಟಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ದಿನದ ಗಂಟೆ ಬರೆದಿಡಬೇಕು.

1990ರ ದಶಕದ ಮಧ್ಯದವರೆಗೆ ನಮ್ಮ ದೇಶದ ಡೀಸೆಲ್‌ನಲ್ಲಿ ಶೇಕಡ 1ರವರೆಗೆ ಗಂಧಕಕ್ಕೆ ಅವಕಾಶವಿತ್ತು. ಉರಿದ ಗಂಧಕದಿಂದ ಆಮ್ಲ ಉಂಟಾಗಿ ಆಯಿಲಿನ ಕ್ಷಾರಾಂಶ ಬೇಗ ಕರಗುತ್ತಿತ್ತು. 2020ರ ಏಪ್ರಿಲ್ 1ರಿಂದ ದೇಶದೆಲ್ಲೆಡೆ ಬಂದಿರುವ ಬಿ.ಎಸ್.-6 ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷ ಭಾಗಕ್ಕೆ 10 ಭಾಗ, ಅಂದರೆ ಮೊದಲಿನ ಮಿತಿಯ ಸಾವಿರದಲ್ಲಿ ಒಂದು ಪಾಲು. ಆಮ್ಲದ ಕಾಟ ಕಡಿಮೆಯಾಗಿರುವುದು ನಿಜ. ಆದರೆ ಸವೆದ ಇಂಜಿನ್ನಿನಲ್ಲಿ ಮಸಿ, ಧೂಳು, ಸೋರಿ ಬೆರೆಯುವ ಡೀಸೆಲ್ ಕಡಿಮೆಯಾಗಿಲ್ಲ. ಆದ್ದರಿಂದ ಅವಧಿಯನ್ನು ಎಳೆಯಬಾರದು.

ಎಳೆಯುವುದರಿಂದ ಉಳಿಯುವುದಾದರೂ ಎಷ್ಟು? ಗಂಟೆಗೆ 4 ಲೀಟರ್ ಡೀಸೆಲ್ ಉರಿಸಿ ವರ್ಷಕ್ಕೆ 500 ಗಂಟೆ ದುಡಿಯುವ ಟ್ರ್ಯಾಕ್ಟರಿಗೆ 2000 ಲೀಟರ್ ಡೀಸೆಲ್ ಬೇಕು. 7 ಲೀಟರ್ ಆಯಿಲ್ ಹಿಡಿಯುವ ಇಂಜಿನ್ನಿಗೆ 250 ಗಂಟೆಗೊಮ್ಮೆ ಬದಲಾಯಿಸಿದರೆ ವರ್ಷಕ್ಕೆ 14 ಲೀಟರ್ ಆಯಿಲ್ ಸಾಕು. ಒಂದು ಬದಲಾವಣೆ ತಪ್ಪಿಸಿದರೆ ಉಳಿಯುವುದು 7 ಲೀಟರ್ ಆಯಿಲ್ ಮತ್ತು ಒಂದು ಫಿಲ್ಟರ್. ಇಷ್ಟು ಉಳಿಸಲು ಹೋಗಿ ಕ್ರ್ಯಾಂಕ್, ಬೇರಿಂಗ್, ಲೈನರುಗಳನ್ನು ಪಣಕ್ಕೆ ಒಡ್ಡುವುದು ಲಾಭದ ಮಾತಲ್ಲ.

ಬದಲಾಯಿಸುವ ಕ್ರಮ

1. ಟ್ರ್ಯಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಬಿಸಿಯಿರುವಾಗಲೇ ನಿಲ್ಲಿಸಿ ಆಯಿಲ್ ಇಳಿಸಬೇಕು. ಬಿಸಿ ಆಯಿಲ್ ಕಸದೊಂದಿಗೆ ಪೂರ್ತಿ ಇಳಿಯುತ್ತದೆ. ಕೈ ಸುಡದಂತೆ ಎಚ್ಚರ ವಹಿಸಬೇಕು.
2. ಇಳಿಸುವ ತಿರುಪಿಗೆ ಅಂಟಿದ ಕಸ ನೋಡಬೇಕು. ಹೊಳೆಯುವ ಲೋಹದ ಚೂರುಗಳಿದ್ದರೆ ಮೆಕ್ಯಾನಿಕರಿಗೆ ತೋರಿಸಬೇಕು.
3. ಪ್ರತಿ ಸಲವೂ ಫಿಲ್ಟರ್ ಬದಲಾಯಿಸಬೇಕು. ಬಟ್ಟಲು ಮಾದರಿಯ ಫಿಲ್ಟರಾದರೆ ಬಟ್ಟಲನ್ನು ತೊಳೆದು ಹೊಸ ರಬ್ಬರ್ ಉಂಗುರ ಹಾಕಬೇಕು.
4. ಆಯಿಲ್ ಸುರಿಯುವ ಆಲಿಕೆ, ಪಾತ್ರೆ ಶುಚಿಯಾಗಿರಬೇಕು. ಗಾಳಿ ಧೂಳಿನಲ್ಲಿ, ಹೊಲದ ಮಧ್ಯೆ ಈ ಕೆಲಸ ಮಾಡಬಾರದು.
5. ತುಂಬಿದ ಮೇಲೆ ಇಂಜಿನ್ನನ್ನು ನಿಧಾನ ವೇಗದಲ್ಲಿ ಓಡಿಸಿ ಒತ್ತಡ ಏರಿದ್ದನ್ನು ಖಚಿತಪಡಿಸಿಕೊಳ್ಳಬೇಕು. ನಿಲ್ಲಿಸಿ ಹತ್ತು ನಿಮಿಷದ ಬಳಿಕ ಮಟ್ಟ ನೋಡಬೇಕು. ಮೇಲಿನ ಗೆರೆ ಮೀರಿ ತುಂಬಿದರೆ ನೊರೆಯೆದ್ದು ಸೀಲುಗಳಿಂದ ಸೋರುತ್ತದೆ.
6. ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಇದ್ದರೆ ಅದರ ಕೆಸರು ತೆಗೆದು ಹೊಸ ಆಯಿಲ್ ತುಂಬಬೇಕು. ಧೂಳಿನ ಕೆಲಸದಲ್ಲಿ ಇದನ್ನು ದಿನವೂ ನೋಡಬೇಕು. ಏರ್ ಕ್ಲೀನರಿನಿಂದ ತಪ್ಪಿಸಿಕೊಂಡ ಧೂಳು ಎಂತಹ ಒಳ್ಳೆಯ ಆಯಿಲನ್ನಾದರೂ ಅರೆಯುವ ಪುಡಿಯನ್ನಾಗಿ ಮಾಡುತ್ತದೆ.
7. ಕೆಲವು ಹಳೆಯ ಮಾದರಿಗಳಲ್ಲಿ ಡೀಸೆಲ್ ಪಂಪಿನ ಪೆಟ್ಟಿಗೆಗೆ ಪ್ರತ್ಯೇಕ ಆಯಿಲ್ ಇರುತ್ತದೆ. ಅದನ್ನೂ ಮರೆಯದೆ ಬದಲಾಯಿಸಬೇಕು.

ಗೇಜ್ ಕಡ್ಡಿ ಹೇಳುವ ಮಾತು

ದಿನವೂ ಬೆಳಿಗ್ಗೆ ಚಾಲೂ ಮಾಡುವ ಮುನ್ನ ಗೇಜ್ ಕಡ್ಡಿ ನೋಡುವುದು ಎತ್ತಿಗೆ ನೀರು ಕುಡಿಸಿದಷ್ಟೇ ಕಡ್ಡಾಯವಾಗಬೇಕು.

- ಮಟ್ಟ ಇಳಿದಿದ್ದರೆ ಅದೇ ಸ್ನಿಗ್ಧತೆ, ಅದೇ ದರ್ಜೆಯ ಆಯಿಲ್ ಸೇರಿಸಿ, ಸೋರಿಕೆ ಹುಡುಕಬೇಕು.
- ಮಟ್ಟ ತಾನಾಗಿ ಏರಿದ್ದರೆ ಸಂತೋಷಪಡಬಾರದು. ಡೀಸೆಲ್ ಅಥವಾ ನೀರು ಒಳಗೆ ಸೇರುತ್ತಿದೆ. ಕಾರಣ ತಿಳಿಯುವವರೆಗೆ ಇಂಜಿನ್ ಓಡಿಸಬಾರದು.
- ಆಯಿಲ್ ತೆಳುವಾಗಿ ಡೀಸೆಲ್ ವಾಸನೆ ಬರುತ್ತಿದ್ದರೆ ಡೀಸೆಲ್ ಪಂಪು ಅಥವಾ ನಾಜಲ್ ಪರೀಕ್ಷಿಸಬೇಕು.
- ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್, ಲೈನರಿನ ರಬ್ಬರ್ ಉಂಗುರ ಪರೀಕ್ಷಿಸಬೇಕು. ಗದ್ದೆಯಲ್ಲಿ ಕೆಸರು ಮಾಡುವ ಟ್ರ್ಯಾಕ್ಟರುಗಳಲ್ಲಿ ಹೊರಗಿನ ನೀರು ಸೇರಿರುವ ಸಾಧ್ಯತೆಯನ್ನೂ ನೋಡಬೇಕು.

ಬಿಡಿ ಆಯಿಲ್ ಮತ್ತು ಬಳಸಿದ ಆಯಿಲ್

ಪೀಪಾಯಿಯಿಂದ ಅಳೆದು ಕೊಡುವ, ಗುರುತು ಇಲ್ಲದ ಬಿಡಿ ಆಯಿಲ್ ಕೊಳ್ಳಬಾರದು. ಬಳಸಿದ ಆಯಿಲನ್ನು ಬರೀ ಸೋಸಿ, ಬಣ್ಣ ತಿಳಿಮಾಡಿ ಮಾರಿದರೆ ಕಣ್ಣಿಗೆ ತಿಳಿಯುವುದಿಲ್ಲ. ಮುದ್ರೆ ಒಡೆಯದ ಡಬ್ಬಿ, ತಯಾರಾದ ತಿಂಗಳು, ಬ್ಯಾಚ್ ಸಂಖ್ಯೆ, ಮೇಲೆ ಹೇಳಿದ ಎರಡು ಗುರುತುಗಳನ್ನು ನೋಡಿ, ರಸೀದಿ ಪಡೆದು ಕೊಳ್ಳಬೇಕು. ಖಾಲಿಯಾದ ಡಬ್ಬಿಯ ಮುಚ್ಚಳ, ಚೀಟಿಯನ್ನು ಹಾಳುಮಾಡಿ ಬಿಸಾಡಿದರೆ ಅದು ನಕಲಿ ಆಯಿಲ್ ತುಂಬಲು ಮರಳಿ ಬಳಕೆಯಾಗದು.

ಇಳಿಸಿದ ಆಯಿಲನ್ನು ಕಾಲುವೆ, ಬಾವಿ, ಹೊಲದ ಬದಿಗೆ ಚೆಲ್ಲಕೂಡದು. ದನಗಳ ಗಾಯಕ್ಕೆ ಹಚ್ಚುವ ರೂಢಿಯನ್ನು ಬಿಡಬೇಕು. ಬಳಸಿದ ಆಯಿಲ್ ಚರ್ಮಕ್ಕೆ ಹಾನಿಕರ; ಪದೇ ಪದೇ ತಾಗುತ್ತಿದ್ದರೆ ಚರ್ಮದ ಕ್ಯಾನ್ಸರಿಗೂ ಕಾರಣವಾಗಬಹುದು. ಕೈಗೆ ತಾಗಿದರೆ ಸಾಬೂನಿನಿಂದ ತೊಳೆಯಬೇಕು. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಸಂಗ್ರಹಕಾರರಿಗೆ ಅಥವಾ ಅವರಿಗೆ ತಲುಪಿಸುವ ಗ್ಯಾರೇಜಿಗೆ ಕೊಡುವುದು ಸೂಕ್ತ.

ನೆನಪಿಡಬೇಕಾದ ಅಂಶಗಳು

1. ಸ್ನಿಗ್ಧತೆ ಕೈಪಿಡಿಯಂತೆ ಇರಲಿ. ದರ್ಜೆ ಕೈಪಿಡಿಯದ್ದು ಅಥವಾ ಅದಕ್ಕಿಂತ ಮೇಲಿನದಿರಲಿ.
2. ಮಾಹಿತಿ ಸಿಗದಿದ್ದರೆ 15ಡಬ್ಲ್ಯು-40, ಸಿ.ಎಚ್.-4 ಅಥವಾ ಸಿ.ಐ.-4.
3. ಸವೆತಕ್ಕೆ ರಿಪೇರಿಯೇ ಮದ್ದು, ಗಟ್ಟಿ ಆಯಿಲ್ ಅಲ್ಲ.
4. ಕೊಂಡ ಹಳೆಯ ಟ್ರ್ಯಾಕ್ಟರಿಗೆ ಮೊದಲೊಮ್ಮೆ, 50 ಗಂಟೆಗೆ ಇನ್ನೊಮ್ಮೆ ಆಯಿಲ್, ಫಿಲ್ಟರ್ ಬದಲಾವಣೆ.
5. ಗಂಟೆ, ಡೀಸೆಲ್, ಆಯಿಲ್ ಮೂರರ ಲೆಕ್ಕ ನೋಟ್‌ಬುಕ್ಕಿನಲ್ಲಿ.

ದುಬಾರಿ ಆಯಿಲನ್ನು ಹಾಕಿ ಅವಧಿ ಮೀರಿಸುವುದಕ್ಕಿಂತ, ಸರಿಯಾದ ದರ್ಜೆಯ ಸಾಧಾರಣ ಬೆಲೆಯ ಆಯಿಲನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸುವುದು ಮೇಲು. ಮುಂಗಾರಿಗೆ ಮುಂಚೆ, ಬೇಸಿಗೆಯ ಬಿಡುವಿನಲ್ಲಿ ಈ ಕೆಲಸ ಮುಗಿಸಿಕೊಂಡ ರೈತನ ಹಳೆಯ ಟ್ರ್ಯಾಕ್ಟರು ಹದ ಬಂದ ದಿನ ಹೊಲಕ್ಕಿಳಿಯಲು ಸಿದ್ಧವಾಗಿರುತ್ತದೆ.